ಒಂದನೆಯ ಸ್ಕ್ವಾಡ್ರನ್, ಭಾರತೀಯ ವಾಯುಪಡೆ

ಭಾರತೀಯ ವಾಯುಪಡೆಯ ಅತ್ಯಂತ ಹಳೆಯ ಯುದ್ಧವಿಮಾನ ದಳ. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್ ನೆಲೆಯಲ್ಲಿ ಹುಟ್ಟಿತು. ‘ಟೈಗರ್ಸ್’ ಎಂಬುದು ಅದರ ಅಡ್ಡಹೆಸರು. ‘ಏಕತಾ ಮೇಂ ಶಕ್ತಿ’ ಅದರ ಧ್ಯೇಯವಾಕ್ಯ. ಕಳೆದ ಕೆಲವು ದಶಕಗಳಿಂದ ಗ್ವಾಲಿಯರ್‌ನಲ್ಲಿ ನೆಲೆಸಿ ಫ್ರಾನ್ಸಿನ ಮಿರಾಜ್ 2000 ವಿಮಾನಗಳನ್ನು ಹಾರಿಸುತ್ತಿದೆ. ಬಟ್ಟೆ ಹೊದಿಸಿದ ಎರಡಂತಸ್ತಿನ ರೆಕ್ಕೆಯ ವಿಮಾನದಿಂದ ಹಿಡಿದು ಲೇಸರ್ ಬೆಳಕನ್ನು ಹಿಂಬಾಲಿಸುವ ಬಾಂಬಿನ ತನಕ ವಾಯುಪಡೆ ಕಂಡ ಪ್ರತಿಯೊಂದು ಕಾಲವೂ ಈ ದಳದ ಮೂಲಕ ಹಾದುಹೋಗಿದೆ. ಮೊದಲ ಮೂರು ವರ್ಷಗಳ ಮಟ್ಟಿಗಂತೂ ವಾಯುಪಡೆ ಎಂದರೆ ಈ ದಳದ ಒಂದು ತುಕಡಿ, ಅಷ್ಟೇ, ಬೇರೇನೂ ಇರಲಿಲ್ಲ.

ಸ್ಕ್ವಾಡ್ರನ್ ಎಂಬುದಕ್ಕೆ ಕನ್ನಡದಲ್ಲಿ ‘ದಳ’ ಎನ್ನುವುದು ರೂಢಿ. ಹದಿನಾರರಿಂದ ಹದಿನೆಂಟು ವಿಮಾನ, ಅವನ್ನು ಹಾರಿಸುವ ಪೈಲಟ್‌ಗಳು, ಅವರಿಗಿಂತ ಎಷ್ಟೋ ಹೆಚ್ಚಿನ ಸಂಖ್ಯೆಯ ತಂತ್ರಜ್ಞರು, ಮೇಲೊಬ್ಬ ಕಮಾಂಡಿಂಗ್ ಅಧಿಕಾರಿ. ಆದರೆ ವಿಮಾನಗಳು ಹದಿನೈದು ಇಪ್ಪತ್ತು ವರ್ಷಕ್ಕೊಮ್ಮೆ ಬದಲಾಗುತ್ತವೆ, ಅಧಿಕಾರಿಗಳು ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗುತ್ತಾರೆ, ನೆಲೆಯೂ ಸ್ಥಿರವಲ್ಲ. ಉಳಿಯುವುದು ಸಂಖ್ಯೆ ಮಾತ್ರ. ಈ ದಳದ ವಿಷಯದಲ್ಲಿ ಅದು ಇನ್ನೂ ವಿಚಿತ್ರ. ಹುಟ್ಟಿದ ಊರು ಇವತ್ತು ಬೇರೆ ದೇಶದಲ್ಲಿದೆ, ಮೊದಲ ಬಾಂಬುಗಳು ಬಿದ್ದದ್ದು ಇದೇ ಉಪಖಂಡದ ಜನರ ಮೇಲೆ, ನಡುವೆ ಐದೂವರೆ ವರ್ಷ ದಳವೇ ಇರಲಿಲ್ಲ. ಆದರೂ ಒಂದು ಎಂಬ ಅಂಕಿ ಅಳಿಯಲಿಲ್ಲ.

ಹುಟ್ಟು

ಸೇನೆಯಲ್ಲಿ ಭಾರತೀಯರಿಗೂ ಅಧಿಕಾರಿಗಳ ಸ್ಥಾನ ಬೇಕೆಂಬ ಒತ್ತಾಯ 1920ರ ದಶಕದಲ್ಲಿ ಜೋರಾದಾಗ ಬ್ರಿಟಿಷ್ ಸರಕಾರ ಒಲ್ಲದ ಮನಸ್ಸಿನಿಂದ ಬಾಗಿಲನ್ನು ಸ್ವಲ್ಪವೇ ತೆರೆಯಿತು. 1930ರಲ್ಲಿ ಇಂಗ್ಲೆಂಡಿನ ಕ್ರಾನ್‌ವೆಲ್ ತರಬೇತಿ ಕಾಲೇಜಿಗೆ ಭಾರತೀಯ ಯುವಕರನ್ನು ಕಳಿಸಲಾಯಿತು. 1932ರ ಅಕ್ಟೋಬರ್ 8ರಂದು ಭಾರತೀಯ ವಾಯುಪಡೆ ಕಾಯ್ದೆ ಜಾರಿಗೆ ಬಂತು. ಇಂದಿಗೂ ವಾಯುಪಡೆ ದಿನ ಆಚರಿಸುವುದು ಅದೇ ತಾರೀಖಿನಂದು. ಆರು ತಿಂಗಳ ಬಳಿಕ ಡ್ರಿಗ್ ರೋಡಿನಲ್ಲಿ ಒಂದನೆಯ ಸ್ಕ್ವಾಡ್ರನ್ನಿನ ‘ಎ’ ತುಕಡಿ ನಿಂತಿತು. ಅದರ ಬಲ ನಾಲ್ಕು ವೆಸ್ಟ್‌ಲೆಂಡ್ ವಾಪಿಟಿ ವಿಮಾನ, ಆರು ಅಧಿಕಾರಿಗಳು, 19 ‘ಹವಾಯಿ ಸಿಪಾಯಿ’ಗಳು. ಹವಾಯಿ ಸಿಪಾಯಿ ಎಂಬುದು ಭಾರತೀಯ ವಾಯುಸೈನಿಕರಿಗೆಂದೇ ಇಟ್ಟ ಹುದ್ದೆಯ ಹೆಸರು. ಬ್ರಿಟಿಷ್ ವಾಯುಪಡೆಯವರಿಗೆ ಆ ಹೆಸರಿರಲಿಲ್ಲ. ದಳದ ಮೊದಲ ಮುಖ್ಯಸ್ಥ ಬ್ರಿಟಿಷ್ ಅಧಿಕಾರಿ ಸೆಸಿಲ್ ಬೂಷಿಯರ್.

ಕ್ರಾನ್‌ವೆಲ್‌ನಿಂದ ಬಂದವರು ಹರೀಶ್ ಚಂದ್ರ ಸರ್ಕಾರ್, ಸುಬ್ರತೊ ಮುಖರ್ಜಿ, ಭೂಪೇಂದ್ರ ಸಿಂಗ್, ಅಮರ್‌ಜಿತ್ ಸಿಂಗ್, ಎ. ಬಿ. ಅವಾನ್ ಮತ್ತು ಜೆ. ಎನ್. ಟಂಡನ್. ಟಂಡನ್ ಸಾಮಗ್ರಿ ವಿಭಾಗಕ್ಕೆ ಹೋದರು, ಉಳಿದ ಐವರು ಪೈಲಟ್‌ಗಳು. ಆ ಐವರಲ್ಲಿ ಭೂಪೇಂದ್ರ ಸಿಂಗ್ ಮತ್ತು ಅಮರ್‌ಜಿತ್ ಸಿಂಗ್ ಇಬ್ಬರೂ ಮೊದಲ ವರ್ಷವೇ ವಿಮಾನ ಬಿದ್ದು ತೀರಿಕೊಂಡರು. ಒಂದು ದೇಶದ ಇಡೀ ವಾಯುಪಡೆಗೆ ಮೂವರು ಪೈಲಟ್‌ಗಳು ಉಳಿದಂತಾಯಿತು. ಭಾರತೀಯರಿಂದ ಈ ಕೆಲಸ ಆಗದು ಎನ್ನುತ್ತಿದ್ದವರಿಗೆ ಇದಕ್ಕಿಂತ ಬೇರೆ ಪುರಾವೆ ಬೇಕಿರಲಿಲ್ಲ. ಅಂಥ ಮಾತು ಕೇಳಿಕೊಂಡೇ ದಳ ನಿಧಾನವಾಗಿ ಬೆಳೆಯಿತು. ‘ಬಿ’ ತುಕಡಿ 1936ರಲ್ಲಿ, ‘ಸಿ’ ತುಕಡಿ 1938ರಲ್ಲಿ ಕೂಡಿಕೊಂಡು ಅದು ಪೂರ್ತಿ ಸ್ಕ್ವಾಡ್ರನ್ ಎನಿಸಿಕೊಳ್ಳುವ ಹೊತ್ತಿಗೆ ಐದು ವರ್ಷ ಕಳೆದಿತ್ತು.

ವಾಪಿಟಿ ಎರಡು ಆಸನದ, ತಲೆಯ ಮೇಲೆ ಛಾವಣಿಯಿಲ್ಲದ ವಿಮಾನ. ಮುಂದೆ ಪೈಲಟ್, ಹಿಂದೆ ತಿರುಗಣೆಗೆ ಕಟ್ಟಿದ ಲೂಯಿಸ್ ಮಷೀನ್‌ಗನ್ ಹಿಡಿದು ನಿಂತ ಗನ್ನರ್. ಹವಾಯಿ ಸಿಪಾಯಿಗಳಲ್ಲೇ ಕೆಲವರು ನೆಲದಲ್ಲಿ ಎಂಜಿನ್ ಬಿಚ್ಚಿ ಜೋಡಿಸಿ, ಕೈ ಒರೆಸಿಕೊಂಡು, ಅದೇ ವಿಮಾನದ ಹಿಂದಿನ ಸೀಟಿಗೆ ಗನ್ನರ್ ಆಗಿ ಹತ್ತುತ್ತಿದ್ದರು. ತಾನು ರಿಪೇರಿ ಮಾಡಿದ ಯಂತ್ರವನ್ನು ತಾನೇ ನಂಬಿ ಕೂರಬೇಕಾದ ಈ ಏರ್ಪಾಡಿಗಿಂತ ಗಟ್ಟಿಯಾದ ತಪಾಸಣೆ ಇನ್ನೊಂದಿರಲಾರದು.

ವಜೀರಿಸ್ತಾನ

ದಳದ ಮೊದಲ ಯುದ್ಧಭೂಮಿ ವಾಯವ್ಯ ಗಡಿನಾಡು. ಉತ್ತರ ವಜೀರಿಸ್ತಾನದ ಮೀರನ್‌ಷಾದಲ್ಲಿ ಮಣ್ಣಿನ ಕೋಟೆಗೆ ಅಂಟಿಕೊಂಡಂತೆ ಒಂದು ವಿಮಾನ ನೆಲೆಯಿತ್ತು. (‘ಅರೇಬಿಯದ ಲಾರೆನ್ಸ್’ ಎಂದು ಹೆಸರಾದ ಟಿ. ಇ. ಲಾರೆನ್ಸ್ 1928ರಲ್ಲಿ ಹೆಸರು ಬದಲಿಸಿಕೊಂಡು ಸಾಮಾನ್ಯ ವಾಯುಸೈನಿಕನಾಗಿ ದುಡಿದದ್ದು ಇಲ್ಲಿಯೇ.) 1936–37ರಲ್ಲಿ ಇಪಿಯ ಫಕೀರನೆಂದು ಹೆಸರಾದ ಮಿರ್ಜಾ ಅಲಿ ಖಾನ್ ಬ್ರಿಟಿಷರ ವಿರುದ್ಧ ಬುಡಕಟ್ಟುಗಳನ್ನು ಎಬ್ಬಿಸಿದಾಗ ದಳವನ್ನು ಅಲ್ಲಿಗೆ ಕಳಿಸಲಾಯಿತು.

ಅಲ್ಲಿನ ಕೆಲಸಕ್ಕೆ ಆಗಿನ ಸರಕಾರಿ ಭಾಷೆಯಲ್ಲಿ ‘ವೈಮಾನಿಕ ಪಹರೆ’ ಎಂದು ಹೆಸರು. ಇಂಥ ದಿನದೊಳಗೆ ಊರು ಬಿಡಿ ಎಂದು ಮೊದಲು ಕರಪತ್ರ ಉದುರಿಸುವುದು, ಗಡುವು ಮುಗಿದ ಮೇಲೆ ಬಾಂಬು ಹಾಕುವುದು. ಈ ಕ್ರಮವನ್ನು ದಯೆಯೆಂದು ಬ್ರಿಟಿಷ್ ಅಧಿಕಾರಿಗಳು ಬಣ್ಣಿಸುತ್ತಿದ್ದರು. ಮನೆ ಮತ್ತು ಹೊಲ ಕಳೆದುಕೊಂಡವರ ಅಭಿಪ್ರಾಯ ಬೇರೆಯೇ ಇದ್ದೀತು. ದಳದ ಚರಿತ್ರೆ ಬರೆಯುವವರು ಈ ಅಧ್ಯಾಯವನ್ನು ಸಾಹಸದ ಕಥೆಯಾಗಿ ಹೇಳಿ ಮುಂದೆ ಹೋಗುವುದು ವಾಡಿಕೆ. ಸಾಹಸವಿತ್ತು, ನಿಜ. ಆದರೆ ವಸಾಹತಿನ ಯುವಕರು ವಸಾಹತುಗಾರರ ಪರವಾಗಿ ಪಕ್ಕದ ಬೆಟ್ಟದವರ ಮೇಲೆ ಬಾಂಬು ಹಾಕುತ್ತಿದ್ದರು ಎಂಬುದೂ ನಿಜ.

ಬೆಟ್ಟದವರು ಸುಮ್ಮನೆ ಪೆಟ್ಟು ತಿನ್ನುವ ಜನವಾಗಿರಲಿಲ್ಲ. ವಿಮಾನ ಕಣಿವೆಯೊಳಗೆ ಇಳಿದಾಗ ಅವರು ಬೆಟ್ಟದ ನೆತ್ತಿಯಲ್ಲಿ ಕೂತು ಮೇಲಿನಿಂದ ಕೆಳಕ್ಕೆ ಬಂದೂಕು ಹಾರಿಸುತ್ತಿದ್ದರು. ಗಡಿಯಲ್ಲಿ ಹಾರುವವರ ಜೇಬಿನಲ್ಲಿ ಸ್ಥಳೀಯ ಭಾಷೆಗಳಲ್ಲಿ ಬರೆದ ಒಂದು ಚೀಟಿ ಇರುತ್ತಿತ್ತು. ಈತನನ್ನು ಅಂಗಭಂಗ ಮಾಡದೆ ಜೀವಸಹಿತ ತಂದೊಪ್ಪಿಸಿದವರಿಗೆ ಸರಕಾರ ಬಹುಮಾನ ಕೊಡುತ್ತದೆ ಎಂಬುದು ಅದರ ಸಾರ. ದಳದ ಯುವ ಪೈಲಟ್ ಮೆಹರ್ ಸಿಂಗ್ ಅವರ ವಾಪಿಟಿಗೆ ಒಮ್ಮೆ ಹೀಗೆ ಗುಂಡು ತಗುಲಿ ಬೆಟ್ಟದ ಮಗ್ಗುಲಲ್ಲಿ ಇಳಿಸಬೇಕಾಗಿ ಬಂತು. ಅವರೂ ಅವರ ಗನ್ನರೂ ಬಂಡೆಗಳ ಮರೆಯಲ್ಲಿ ಅವಿತಿದ್ದು, ಕತ್ತಲಾದ ಮೇಲೆ ನಡೆದು ಸೇನೆಯ ಠಾಣೆ ಸೇರಿದರು. ಇದೇ ಮೆಹರ್ ಸಿಂಗ್ 1948ರ ಮೇ ತಿಂಗಳಲ್ಲಿ ನಕಾಶೆಯೇ ಸರಿಯಾಗಿಲ್ಲದ ದಾರಿಯಲ್ಲಿ ಹಿಮಾಲಯ ದಾಟಿ ಡಕೋಟಾ ವಿಮಾನವನ್ನು ಲೇಹ್‌ನಲ್ಲಿ ಮೊದಲ ಬಾರಿಗೆ ಇಳಿಸಿದವರು. ಆಗ ಅವರ ಜೊತೆ ವಿಮಾನದಲ್ಲಿ ಕೂತಿದ್ದವರು ಕೊಡಗಿನ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯ.

1939ರ ಮಾರ್ಚ್‌ನಲ್ಲಿ ಸುಬ್ರತೊ ಮುಖರ್ಜಿ ದಳದ ಮುಖ್ಯಸ್ಥರಾದರು. ಒಂದು ಸ್ಕ್ವಾಡ್ರನ್ ಭಾರತೀಯನೊಬ್ಬನ ಕೈಗೆ ಬಂದದ್ದು ಅದೇ ಮೊದಲು.

ಬರ್ಮಾ

ಎರಡನೆಯ ಮಹಾಯುದ್ಧ ಶುರುವಾದಾಗ ದಳದ ಬಳಿ ಇದ್ದದ್ದು ಬ್ರಿಟಿಷರು ಬಳಸಿ ಬಿಟ್ಟ ಹಳೆಯ ವಿಮಾನಗಳು. 1941ರಲ್ಲಿ ಪೇಶಾವರದಲ್ಲಿ ವೆಸ್ಟ್‌ಲೆಂಡ್ ಲೈಸಾಂಡರ್ ಬಂತು. ಈ ಹನ್ನೆರಡು ವಿಮಾನಗಳಿಗೆ ದುಡ್ಡು ಕೊಟ್ಟದ್ದು ಮುಂಬಯಿಯ ಯುದ್ಧ ದೇಣಿಗೆ ನಿಧಿ. ಲೈಸಾಂಡರ್ ಮೂಲತಃ ಭೂಸೇನೆಗೆ ನೆರವಾಗಲೆಂದು ಮಾಡಿದ್ದು. ಗಿಡುಗನಂತೆ ಎರಗುವುದಕ್ಕಲ್ಲ, ಕೊಕ್ಕರೆಯಂತೆ ಗದ್ದೆಯ ಬದುವಿನಲ್ಲಿ ಇಳಿಯುವುದಕ್ಕೆ ಹೇಳಿಮಾಡಿಸಿದ್ದು. ಗರಿಷ್ಠ ವೇಗ ಗಂಟೆಗೆ ಸುಮಾರು 340 ಕಿ.ಮೀ. ಜಪಾನಿ ಫೈಟರ್ ವಿಮಾನದ ಎದುರು ಸಿಕ್ಕಿದರೆ ಉಳಿಗಾಲವಿಲ್ಲ.

1942ರ ಫೆಬ್ರವರಿ 1ರಂದು ಕರುಣ್ ಕೃಷ್ಣ ‘ಜಂಬೊ’ ಮಜುಂದಾರ್ ಅವರ ನಾಯಕತ್ವದಲ್ಲಿ ದಳ ಬರ್ಮಾದ ಟೌಂಗೂ ತಲುಪಿತು. ಮಾರನೆಯ ದಿನವೇ ಜಪಾನಿ ಬಾಂಬರ್‌ಗಳು ಆ ನೆಲೆಯ ಮೇಲೆ ಬಿದ್ದವು. ಲೈಸಾಂಡರ್‌ಗಳನ್ನು ದೂರ ದೂರ ಚದುರಿಸಿ ನಿಲ್ಲಿಸಿದ್ದರಿಂದ ಅವು ಉಳಿದುಕೊಂಡವು. ಬಂದ ಊರಿನಲ್ಲಿ ಸಿಕ್ಕಿದ ಈ ಸ್ವಾಗತಕ್ಕೆ ಮಜುಂದಾರ್ ತಡಮಾಡದೆ ಮಾರುತ್ತರ ಕೊಟ್ಟರು. ಲೈಸಾಂಡರಿನ ಚಕ್ರದ ಪಕ್ಕದ ಕುರುಚಲು ರೆಕ್ಕೆಗಳಿಗೆ 250 ಪೌಂಡಿನ ಎರಡು ಬಾಂಬುಗಳನ್ನು ಸಿಕ್ಕಿಸಿಕೊಂಡು, ಒಂದೇ ವಿಮಾನದಲ್ಲಿ, ಥಾಯ್ಲೆಂಡ್ ಗಡಿಯಾಚೆಯ ಮೇ ಹಾಂಗ್ ಸಾನ್ ನೆಲೆಗೆ ಹೊರಟರು. ಬೆಂಗಾವಲಿಗೆ ಬಂದ ಬ್ರಿಟಿಷ್ ವಾಯುಪಡೆಯ ಬಫಲೊ ಫೈಟರ್‌ಗಳು ಎರಡೇ ಎರಡು. ಮರದ ತುದಿ ತಾಗುವಷ್ಟು ಕೆಳಗೆ ಹಾರಿ, ಜಪಾನೀಯರ ವಿಮಾನ ನಿಲ್ಲಿಸುವ ಹ್ಯಾಂಗರಿಗೇ ಬಾಂಬು ಹಾಕಿ ಹಿಂತಿರುಗಿದರು. ಮರುದಿನ ದಳಕ್ಕೆ ದಳವೇ ಅವರ ಹಿಂದೆ ಹೋಯಿತು. ಬೇಹಿಗೆಂದು ಕಳಿಸಿದ ವಿಮಾನವನ್ನು ಬಾಂಬರ್ ಮಾಡಿಕೊಂಡ ಈ ಮೊಂಡುತನಕ್ಕೆ ಮಜುಂದಾರ್ ಅವರಿಗೆ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಬಂತು. ಆಮೇಲೆ ಯುರೋಪಿಗೆ ಹೋಗಿ ನಾರ್ಮಂಡಿಯ ಮೇಲೂ ಹಾರಿ ಅದೇ ಪದಕವನ್ನು ಎರಡನೆಯ ಬಾರಿ ಗಳಿಸಿದರು. ಭಾರತೀಯರಲ್ಲಿ ಆ ಯುದ್ಧದಲ್ಲಿ ಹೀಗೆ ಎರಡು ಬಾರಿ ಪಡೆದವರು ಅವರೊಬ್ಬರೇ. ಅಷ್ಟೆಲ್ಲ ಗುಂಡಿನ ಮಳೆ ದಾಟಿ ಬಂದವರು 1945ರ ಫೆಬ್ರವರಿಯಲ್ಲಿ ಲಾಹೋರಿನಲ್ಲಿ ಪ್ರದರ್ಶನಕ್ಕೆಂದು ಹಾರಿಸುತ್ತಿದ್ದ ಹರಿಕೇನ್ ನೆಲಕ್ಕಪ್ಪಳಿಸಿ ತೀರಿಕೊಂಡರು.

ಬರ್ಮಾದ ಕಥೆಯಲ್ಲಿ ಪೈಲಟ್‌ಗಳಷ್ಟೇ ನೆನೆಯಬೇಕಾದ ಇನ್ನೊಂದು ಹೆಸರು ವಾರಂಟ್ ಆಫೀಸರ್ ಹರ್‌ಜಿಂದರ್ ಸಿಂಗ್. ಲಾಹೋರಿನ ಮ್ಯಾಕ್ಲಾಗನ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ್ದ ಈತ ಬಯಸಿದ್ದರೆ ಒಳ್ಳೆಯ ಸಂಬಳದ ನೌಕರಿ ಹಿಡಿಯಬಹುದಿತ್ತು. ಅದನ್ನು ಬಿಟ್ಟು ಹವಾಯಿ ಸಿಪಾಯಿಯಾಗಿ ಅತ್ಯಂತ ಕೆಳಗಿನ ಮೆಟ್ಟಿಲಲ್ಲಿ ಸೇರಿದರು. ಬಿಡಿಭಾಗದ ಸರಬರಾಜು ನಿಂತುಹೋದ ಬರ್ಮಾದಲ್ಲಿ ದಳದ ವಿಮಾನಗಳು ದಿನವೂ ಹಾರುವಂತೆ ನೋಡಿಕೊಂಡವರಲ್ಲಿ ಇವರು ಪ್ರಮುಖರು. ಮುಂದೆ ಏರ್ ವೈಸ್ ಮಾರ್ಷಲ್ ಪದವಿಗೇರಿ ಕಾನ್‌ಪುರದಲ್ಲಿ ಆವ್ರೊ 748 ಸಾಗಣೆ ವಿಮಾನದ ತಯಾರಿಕೆಯನ್ನು ನಿಂತು ನಡೆಸಿದರು. 1961ರಲ್ಲಿ ಹಾರಿದ ಅಲ್ಲಿನ ಮೊದಲ ವಿಮಾನಕ್ಕೆ ಇಟ್ಟ ಹೆಸರು ‘ಸುಬ್ರತೊ’, ಹಳೆಯ ದಳದ ಹಳೆಯ ಒಡನಾಡಿಯದು.

1942ರ ಮಾರ್ಚ್‌ನಲ್ಲಿ ದಳ ಬರ್ಮಾ ಬಿಟ್ಟು ಬಂತು. ಹರಿಕೇನ್ ವಿಮಾನಗಳನ್ನು ಪಡೆದು 1944ರ ಫೆಬ್ರವರಿಯಲ್ಲಿ ಮತ್ತೆ ಪೂರ್ವಕ್ಕೆ ಹೋದಾಗ ನಾಯಕ ಅರ್ಜನ್ ಸಿಂಗ್, ವಯಸ್ಸು ಇಪ್ಪತ್ತನಾಲ್ಕು. ನೆಲೆ ಇಂಫಾಲ್. ಮಾರ್ಚ್ ಕೊನೆಗೆ ಜಪಾನೀಯರು ಕೊಹಿಮಾ ರಸ್ತೆಯನ್ನು ಕಡಿದು ಇಂಫಾಲ ಕಣಿವೆಯನ್ನು ಸುತ್ತುವರಿದರು. ಜೂನ್ 22ರವರೆಗೆ ಆ ಮುತ್ತಿಗೆ ಬಿಡಲಿಲ್ಲ. ಅಕ್ಕಿ, ಮದ್ದುಗುಂಡು, ಪೆಟ್ರೋಲು ಎಲ್ಲವೂ ವಿಮಾನದಲ್ಲೇ ಬರಬೇಕು. ಸುತ್ತಲ ಬೆಟ್ಟಗಳಲ್ಲಿ ಶತ್ರು ಎಲ್ಲೆಲ್ಲಿದ್ದಾನೆಂದು ಕಂಡುಹಿಡಿಯುವುದು ದಳದ ಪಾಲಿನ ಕೆಲಸ. ಹರಿಕೇನ್‌ಗಳು ಎರಡೆರಡಾಗಿ ಹಾರುತ್ತಿದ್ದವು. ಮುಂದಿನವನ ಕಣ್ಣು ಪೂರ್ತಿ ನೆಲದ ಮೇಲೆ, ಎತ್ತಿನ ಹೆಜ್ಜೆ, ಹೊಗೆ, ಮುರಿದ ಕೊಂಬೆ ಯಾವುದನ್ನೂ ಬಿಡುವಂತಿಲ್ಲ. ಹಿಂದಿನವನ ಕಣ್ಣು ಪೂರ್ತಿ ಆಕಾಶದ ಮೇಲೆ, ಮುಂದಿನವನ ಬೆನ್ನು ಕಾಯುವುದು ಅವನ ಹೊಣೆ. ಇಂಥ ಹಾರಾಟದಲ್ಲಿ ಜೊತೆಗಾರನನ್ನು ನಂಬದೆ ಗತಿಯಿರಲಿಲ್ಲ. ದಳದ ಧ್ಯೇಯವಾಕ್ಯಕ್ಕೆ ಇದಕ್ಕಿಂತ ನೇರವಾದ ಅರ್ಥ ಹುಡುಕಬೇಕಿಲ್ಲ. ಹೀಗೆ ಹದಿನಾಲ್ಕು ತಿಂಗಳು ದಳ ಒಂದೇ ಸಮನೆ ರಣರಂಗದಲ್ಲಿತ್ತು. 1944ರ ಜೂನ್‌ನಲ್ಲಿ ಮೌಂಟ್‌ಬ್ಯಾಟನ್ ಇಂಫಾಲಕ್ಕೇ ಬಂದು ಅರ್ಜನ್ ಸಿಂಗ್ ಅವರ ಎದೆಗೆ ಪದಕ ತೊಡಿಸಿದರು.

ಸಂಖ್ಯೆಯ ಅಜ್ಞಾತವಾಸ

1947ರ ಆಗಸ್ಟ್‌ನಲ್ಲಿ ದಳ ಪೇಶಾವರದಲ್ಲಿತ್ತು. ದೇಶವನ್ನು ಹಂಚುವಾಗ ಮೇಜು, ಕುರ್ಚಿ, ಬ್ಯಾಂಡ್ ವಾದ್ಯಗಳ ಜೊತೆ ಸ್ಕ್ವಾಡ್ರನ್‌ಗಳೂ ಹಂಚಿಕೆಯಾದವು. ಒಂದನೆಯ ಸ್ಕ್ವಾಡ್ರನ್ನಿನ ಸಾಮಗ್ರಿ ಪಾಕಿಸ್ತಾನದ ಪಾಲಾಯಿತು. ಸಂಖ್ಯೆ ಮಾತ್ರ ಭಾರತದ್ದು. ದಳ ಹುಟ್ಟಿದ ಡ್ರಿಗ್ ರೋಡ್ ನೆಲೆಯೂ ಆಚೆಗೇ ಹೋಯಿತು. ಅದೀಗ ಪಾಕಿಸ್ತಾನ ವಾಯುಪಡೆಯ ಫೈಸಲ್ ನೆಲೆ.

ಇಂಥ ಸ್ಥಿತಿಗೆ ವಾಯುಪಡೆಯವರು ‘ನಂಬರ್‌ಪ್ಲೇಟ್ ಆಗುವುದು’ ಎನ್ನುತ್ತಾರೆ. ದಳ ವಿಸರ್ಜನೆಯಾಗುತ್ತದೆ. ಅದರ ಸಂಖ್ಯೆ, ಲಾಂಛನ, ಗೌರವ ಪಟ್ಟಿಗಳನ್ನು ಕಟ್ಟಿ ಮೇಲಿಟ್ಟಿರುತ್ತಾರೆ. ಮುಂದೆ ವಿಮಾನ ಬಂದಾಗ ಆ ಸಂಖ್ಯೆಯನ್ನು ಹೊಸ ದಳಕ್ಕೆ ಕೊಡುತ್ತಾರೆ. ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಹಾಗೆ. ಒಂದನೆಯ ದಳದ ವಿಷಯದಲ್ಲಿ ಇನ್ನೂ ಒಂದು ತಿರುವಿದೆ. 1953ರ ಜನವರಿ 26ರಂದು ಅದಾಗಲೇ ಕೆಲಸ ಮಾಡುತ್ತಿದ್ದ ಹದಿನೈದನೆಯ ಸ್ಕ್ವಾಡ್ರನ್ನಿಗೆ ಒಂದನೆಯ ಸ್ಕ್ವಾಡ್ರನ್ ಎಂದು ಮರುನಾಮಕರಣ ಮಾಡಲಾಯಿತು. ಅಂದರೆ ಇಂದಿನ ಟೈಗರ್ಸ್ ರಕ್ತಸಂಬಂಧದಿಂದಲ್ಲ, ದತ್ತಕದಿಂದ ಡ್ರಿಗ್ ರೋಡಿನ ವಾರಸುದಾರರು. ದಳದವರು ಇದನ್ನು ಕೊರತೆಯೆಂದು ಎಣಿಸಿದಂತಿಲ್ಲ. ದತ್ತುಪುತ್ರನೂ ಶ್ರಾದ್ಧ ಮಾಡುವವನೇ.

1957ರಲ್ಲಿ ಫ್ರಾನ್ಸಿನ ಮಿಸ್ಟೇರ್ 4ಎ ಜೆಟ್ ವಿಮಾನಗಳು ಬಂದವು. ಕಡಿದಾಗಿ ಕೆಳಗಿಳಿಯುವಾಗ ಶಬ್ದದ ವೇಗ ಮೀರಬಲ್ಲ ವಿಮಾನ ಇದು. ಆಗಿನ ದಳಪತಿ ದಿಲ್‌ಬಾಗ್ ಸಿಂಗ್ ದೆಹಲಿಯ ಜನರಿಗೆ ಆ ಸಿಡಿಲಿನಂಥ ಸದ್ದನ್ನು ಮೊದಲ ಸಲ ಕೇಳಿಸಿದರು. ಸುಬ್ರತೊ ಮುಖರ್ಜಿ, ಅರ್ಜನ್ ಸಿಂಗ್, ದಿಲ್‌ಬಾಗ್ ಸಿಂಗ್, ಹೀಗೆ ಈ ದಳವನ್ನು ಆಳಿದವರು ಮುಂದೆ ಇಡೀ ವಾಯುಪಡೆಯನ್ನು ಆಳಿದ್ದುಂಟು.

ಸರ್ಗೋಧಾ, 1965

ದಳದ ಚರಿತ್ರೆಯಲ್ಲಿ ಕನ್ನಡನಾಡಿಗೆ ಹತ್ತಿರವಾದ ಪುಟ ಇದು. ಬಹುಕಾಲ ಬರೆಯದೇ ಉಳಿದ ಪುಟವೂ ಹೌದು.

1965ರ ಸೆಪ್ಟೆಂಬರ್ 6ರ ರಾತ್ರಿ ಪಂಜಾಬಿನ ಆದಂಪುರ ನೆಲೆಯಲ್ಲಿ ಯಾರಿಗೂ ನಿದ್ದೆಯಿರಲಿಲ್ಲ. ಪಾಕಿಸ್ತಾನದ ವಿಮಾನಗಳು ಆದಂಪುರ, ಹಲ್ವಾರಾ, ಪಠಾಣ್‌ಕೋಟ್ ನೆಲೆಗಳ ಸುತ್ತ ಪ್ಯಾರಾಚೂಟ್ ಸೈನಿಕರನ್ನು ಇಳಿಸಿದ್ದವು. ಕಬ್ಬಿನ ಗದ್ದೆಗಳಲ್ಲಿ ಅವರ ಹುಡುಕಾಟ ನಡೆದಿರುವಾಗಲೇ ಒಂದನೆಯ ದಳ ಬೆಳಗಿನ ದಾಳಿಗೆ ಸಿದ್ಧವಾಗುತ್ತಿತ್ತು. ಗುರಿ ಪಾಕಿಸ್ತಾನ ವಾಯುಪಡೆಯ ಹೃದಯದಂತಿದ್ದ ಸರ್ಗೋಧಾ. ಆದಂಪುರದಿಂದ ಅಲ್ಲಿಗೆ ಹೋಗಿ ಬರುವುದು ಮಿಸ್ಟೇರ್‌ನ ಇಂಧನಕ್ಕೆ ಮೇರೆಯಂತಿದ್ದ ದೂರ. ಗುರಿಯ ಮೇಲೆ ಸಿಗುವುದು ಕೆಲವೇ ನಿಮಿಷ, ದಾರಿಯಲ್ಲಿ ಕಾದಾಟಕ್ಕೆ ನಿಂತರೆ ಮನೆಗೆ ಮರಳಲು ಇಂಧನ ಸಾಲದು. ಆದ್ದರಿಂದ ಹೋಗುವುದು, ಹೊಡೆಯುವುದು, ಹಿಂದೆ ನೋಡದೆ ಬರುವುದು ಎಂದು ತೀರ್ಮಾನವಾಗಿತ್ತು.

ದಳಪತಿ ವಿಂಗ್ ಕಮಾಂಡರ್ ಓಂ ಪ್ರಕಾಶ್ ತನೇಜಾ ನಾಯಕತ್ವದಲ್ಲಿ ಹನ್ನೆರಡು ವಿಮಾನಗಳ ಯೋಜನೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಆ ಹನ್ನೆರಡರಲ್ಲಿ ಇರಲಿಲ್ಲ. ಅವರು ಕಾಯ್ದಿಟ್ಟ ಪೈಲಟ್. ಯಾರಾದರೂ ಹಿಂದುಳಿದರೆ ಆ ಜಾಗ ತುಂಬಬೇಕಿತ್ತು. 1932ರ ಡಿಸೆಂಬರ್ 24ರಂದು ಕೊಡಗಿನಲ್ಲಿ ಹುಟ್ಟಿದ ದೇವಯ್ಯ 1954ರಲ್ಲಿ ವಾಯುಪಡೆ ಸೇರಿದವರು. ಯುದ್ಧ ಶುರುವಾಗುವ ಹೊತ್ತಿಗೆ ಹೊಸಬರಿಗೆ ಹಾರಾಟ ಕಲಿಸುವ ಮೇಷ್ಟರಾಗಿದ್ದು, ಅಲ್ಲಿಂದ ದಳಕ್ಕೆ ನಿಯೋಜಿತರಾಗಿದ್ದರು. ಆ ಮುಂಜಾವು ಕತ್ತಲು ಹರಿಯುವ ಮುನ್ನ ಹೊರಟ ತಂಡದಲ್ಲಿ ಒಂದು ಸ್ಥಾನ ತೆರವಾಯಿತು. ದೇವಯ್ಯ ಅದನ್ನು ತುಂಬಿದರು.

ಸರ್ಗೋಧಾದ ಮೇಲೆ ದಾಳಿ ಮುಗಿಸಿ ಮಿಸ್ಟೇರ್‌ಗಳು ನೆಲಕ್ಕೆ ಅಂಟಿಕೊಂಡಂತೆ ಮನೆಯತ್ತ ತಿರುಗಿದಾಗ, ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಎಫ್-104 ಸ್ಟಾರ್‌ಫೈಟರ್‌ನಲ್ಲಿ ಬೆನ್ನಟ್ಟಿ ಬಂದರು. ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲ ಸ್ಟಾರ್‌ಫೈಟರ್ ಮುಂದೆ ಮಿಸ್ಟೇರ್ ಎಂದರೆ ರೇಸಿನ ಕುದುರೆಯ ಮುಂದೆ ಗಾಡಿ ಎತ್ತು. ಅವರಿಗೆ ಸಿಕ್ಕಿದ್ದು ದೇವಯ್ಯನವರ ವಿಮಾನ. ಗುಂಡು ತಗುಲಿತು. ಈತನ ಕಥೆ ಮುಗಿಯಿತೆಂದು ಅಮ್ಜದ್ ಬೇರೊಂದು ಮಿಸ್ಟೇರ್‌ನತ್ತ ತಿರುಗಿದರು. ಆದರೆ ದೇವಯ್ಯ ಬಿದ್ದಿರಲಿಲ್ಲ. ಪೆಟ್ಟು ತಿಂದ ವಿಮಾನವನ್ನೇ ಹೊರಳಿಸಿ ಸ್ಟಾರ್‌ಫೈಟರ್‌ನ ಬೆನ್ನಿಗೆ ಬಂದರು. ಕೆಳಮಟ್ಟದಲ್ಲಿ, ಬಿಗಿ ತಿರುವುಗಳಲ್ಲಿ ವೇಗದ ವಿಮಾನಕ್ಕೆ ಅದರ ವೇಗವೇ ಹೊರೆ. ಚಿಕ್ಕ ಸುತ್ತಿನಲ್ಲಿ ತಿರುಗಬಲ್ಲ ಮಿಸ್ಟೇರ್‌ಗೆ ಅಲ್ಲಿ ಅವಕಾಶವಿತ್ತು. ದೇವಯ್ಯ ಹಾರಿಸಿದ ಗುಂಡುಗಳು ಸ್ಟಾರ್‌ಫೈಟರ್‌ಗೆ ನಾಟಿದವು, ಅಮ್ಜದ್ ಪ್ಯಾರಾಚೂಟಿನಲ್ಲಿ ಹಾರಿ ಬದುಕಿಕೊಂಡರು. ದೇವಯ್ಯ ಮರಳಲಿಲ್ಲ. ಅವರಿಗಾಗ ಮೂವತ್ತೆರಡು ವರ್ಷ.

ಇದಾವುದೂ ಆದಂಪುರಕ್ಕೆ ತಿಳಿಯಲಿಲ್ಲ. ಇಂಧನ ತೀರುವ ಭಯದಲ್ಲಿ ಹಾರುತ್ತಿದ್ದ ಉಳಿದವರಿಗೆ ಹಿಂದೆ ಏನಾಯಿತೆಂದು ನೋಡುವ ಅವಕಾಶವೇ ಇರಲಿಲ್ಲ. ದೇವಯ್ಯನವರ ಹೆಸರು ‘ಕಾಣೆಯಾದವರು’ ಎಂಬ ಪಟ್ಟಿಗೆ ಸೇರಿತು. ಹದಿನಾಲ್ಕು ವರ್ಷ ಕಳೆದು 1979ರಲ್ಲಿ, ಪಾಕಿಸ್ತಾನದ ಕಡೆಯ ಮಾಹಿತಿ ಇಟ್ಟುಕೊಂಡು ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಬರೆದ ಪುಸ್ತಕದಲ್ಲಿ ಸ್ಟಾರ್‌ಫೈಟರ್ ಒಂದನ್ನು ಮಿಸ್ಟೇರ್ ಕೆಡವಿದ ಪ್ರಸಂಗ ಬಂತು. ದಳದಿಂದ ಅಂದು ಹೋಗಿ ಮರಳದವರು ಒಬ್ಬರೇ ಆದ್ದರಿಂದ ಆ ಮಿಸ್ಟೇರ್ ಯಾರದೆಂದು ಊಹಿಸಬೇಕಾಗಿರಲಿಲ್ಲ. ತನೇಜಾ ಪಟ್ಟು ಬಿಡದೆ ವಾಯುಪಡೆಯ ಕೇಂದ್ರ ಕಚೇರಿಯ ಮುಂದೆ ವಿಷಯ ಇಟ್ಟರು. 1988ರಲ್ಲಿ, ಅಂದರೆ ಇಪ್ಪತ್ತಮೂರು ವರ್ಷದ ಬಳಿಕ, ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಘೋಷಣೆಯಾಯಿತು. ಪತ್ನಿ ಅದನ್ನು ಸ್ವೀಕರಿಸಿದರು. ಒಬ್ಬ ಯೋಧನ ಪರಾಕ್ರಮಕ್ಕೆ ಅವನ ಸ್ವಂತ ಪಡೆಯಲ್ಲಿ ಸಾಕ್ಷಿಯಿಲ್ಲದೆ ಎದುರಾಳಿಯೇ ಸಾಕ್ಷಿಯಾದ ಇಂಥ ಉದಾಹರಣೆ ವಿರಳ. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವೂ ಪ್ರತಿಮೆಯೂ ಇವೆ. 2025ರಲ್ಲಿ ತೆರೆಕಂಡ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಿತ್ರ ಈ ಘಟನೆಯಿಂದಲೇ ಪ್ರೇರಿತವಾದದ್ದು, ಆದರೆ ಅದರ ನಾಯಕನಿಗೆ ಬೇರೆ ಹೆಸರಿಡಲಾಗಿದೆ. (ಅದೇ ಯುದ್ಧದಲ್ಲಿ ಕೊಡಗಿನ ಇನ್ನೊಬ್ಬ ಪೈಲಟ್, ಜನರಲ್ ಕಾರ್ಯಪ್ಪನವರ ಮಗ ಕೆ. ಸಿ. ಕಾರ್ಯಪ್ಪ, ಬೇರೊಂದು ದಳದ ಹಂಟರ್ ವಿಮಾನ ಬಿದ್ದು ಪಾಕಿಸ್ತಾನದಲ್ಲಿ ಸೆರೆಯಾಗಿದ್ದರು.)

ಮಿಗ್‌ನಿಂದ ಮಿರಾಜ್‌ಗೆ

ಮಿಸ್ಟೇರ್‌ನ ನಂತರ ಸೋವಿಯತ್ ಮೂಲದ ಮಿಗ್-21 ಎಫ್‌ಎಲ್ ಬಂತು. ಕ್ಷಿಪಣಿಯ ಕಾಲ ಬಂತು, ಇನ್ನು ಬಂದೂಕೇಕೆ ಎಂದು ಅದರ ಒಡಲಲ್ಲಿ ಬಂದೂಕನ್ನೇ ಇಟ್ಟಿರಲಿಲ್ಲ. ಅನುಭವ ಆ ಲೆಕ್ಕ ತಪ್ಪೆಂದು ತೋರಿಸಿ, 1971ರ ಹೊತ್ತಿಗೆ ಹೊಟ್ಟೆಯಡಿ ಗನ್ ಪೆಟ್ಟಿಗೆ ಕಟ್ಟಬೇಕಾಯಿತು. ಆ ವರ್ಷದ ಯುದ್ಧವನ್ನು ದಳ ಆದಂಪುರದಿಂದಲೇ ಮಾಡಿತು.

1982ರಲ್ಲಿ ಭಾರತ 40 ಮಿರಾಜ್ 2000 ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು. 1985ರಲ್ಲಿ ಗ್ವಾಲಿಯರ್‌ಗೆ ಬಂದಿಳಿದ ಮೊದಲ ವಿಮಾನಗಳು ಏಳನೆಯ ಸ್ಕ್ವಾಡ್ರನ್ನಿಗೆ ಸೇರಿದವು, ಆಮೇಲಿನವು ಒಂದನೆಯದಕ್ಕೆ. ವಾಯುಪಡೆ ಇದಕ್ಕಿಟ್ಟ ಹೆಸರು ‘ವಜ್ರ’. ಅಂದಿನಿಂದ ಈ ಎರಡೂ ದಳಗಳ ಕಥೆ ಜೋಡೆತ್ತಿನದು. ಯಾವ ಕೆಲಸದಲ್ಲಿ ಯಾರ ಪಾಲೆಷ್ಟು ಎಂದು ಬಿಡಿಸುವುದು ಹೊರಗಿನವರಿಗೆ ಸುಲಭವಲ್ಲ.

1999ರ ಕಾರ್ಗಿಲ್ ಯುದ್ಧದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮೇ 27 ಮತ್ತು 28ರಂದು ಎರಡು ಮಿಗ್ ವಿಮಾನಗಳೂ ಒಂದು ಹೆಲಿಕಾಪ್ಟರೂ ನಷ್ಟವಾದ ಮೇಲೆ, ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿಗೆ ಎಟುಕದಷ್ಟು ಎತ್ತರದಿಂದಲೇ ಬಾಂಬು ಹಾಕಬೇಕಾಯಿತು. ಹದಿನಾರು ಹದಿನೇಳು ಸಾವಿರ ಅಡಿ ಎತ್ತರದ ಶಿಖರದ ಮೇಲಿರುವ ಒಂದು ಡೇರೆಗೆ ಅದಕ್ಕೂ ಮೇಲಿನಿಂದ ಗುರಿಯಿಡಬೇಕು. ಅಲ್ಲಿನ ತೆಳುಗಾಳಿಯಲ್ಲಿ ಬಾಂಬು ಬಯಲುಸೀಮೆಯಲ್ಲಿ ಬೀಳುವ ಹಾಗೆ ಬೀಳುವುದಿಲ್ಲ. ಮೈದಾನದಲ್ಲಿ ಕಲಿತ ಲೆಕ್ಕಗಳನ್ನೆಲ್ಲ ಹೊಸದಾಗಿ ಹಾಕಬೇಕಾಯಿತು. ಮಿರಾಜ್‌ಗಳು ಜೂನ್ 17ರಂದು ಮುಂಥೋ ಢಾಲೊದಲ್ಲಿದ್ದ ಪಾಕಿಸ್ತಾನಿ ಸರಬರಾಜು ಶಿಬಿರವನ್ನು ನಾಶಮಾಡಿದವು. ಜೂನ್ 24ರಂದು ಟೈಗರ್ ಹಿಲ್ ಮೇಲಿನ ನೆಲೆಗೆ ಲೇಸರ್ ನಿರ್ದೇಶಿತ ಬಾಂಬು ಬಿತ್ತು. ಎರಡೂ ದಳಗಳು ಸೇರಿ ನಡೆಸಿದ ಹಾರಾಟಗಳು 515. ಹಾಕಿದ ಬಾಂಬಿನ ತೂಕ 55,000 ಕಿಲೊ. 2019ರ ಫೆಬ್ರವರಿ 26ರ ನಸುಕಿನಲ್ಲಿ ಬಾಲಾಕೋಟ್ ಮೇಲೆ ಹೋದದ್ದೂ ಗ್ವಾಲಿಯರ್‌ನ ಮಿರಾಜ್‌ಗಳೇ. ಆ ದಾಳಿಯಿಂದಾದ ಹಾನಿಯ ಬಗ್ಗೆ ಎರಡು ದೇಶಗಳು ಹೇಳುವ ಮಾತು ಇಂದಿಗೂ ಒಂದಕ್ಕೊಂದು ಕೂಡುವುದಿಲ್ಲ.

ಹಳತಾಗುತ್ತಿದ್ದ ಮಿರಾಜ್‌ಗಳಿಗೆ ಹೊಸ ರೇಡಾರ್, ಹೊಸ ಕಾಕ್‌ಪಿಟ್ ಕೊಡಿಸಲು 2011ರಲ್ಲಿ ಫ್ರೆಂಚ್ ಕಂಪನಿಗಳ ಜೊತೆ ಒಪ್ಪಂದವಾಯಿತು. ಮೊದಲ ಎರಡು ಫ್ರಾನ್ಸಿನಲ್ಲಿ, ಉಳಿದವು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಎಂದು ಗೊತ್ತಾಯಿತು. ಹೀಗೆ ಗ್ವಾಲಿಯರ್‌ನ ವಿಮಾನಗಳು ಸರದಿಯ ಮೇಲೆ ಬೆಂಗಳೂರಿಗೆ ಬಂದು, ಕಳಚಿ ಜೋಡಿಸಿಕೊಂಡು, ಪರೀಕ್ಷಾರ್ಥ ಹಾರಾಟ ಮುಗಿಸಿ ಮರಳತೊಡಗಿದವು. 2019ರ ಫೆಬ್ರವರಿ 1ರಂದು ಹಳೆಯ ವಿಮಾನ ನಿಲ್ದಾಣದ ರನ್‌ವೇ ತುದಿಯಲ್ಲಿ ಅಂಥ ಒಂದು ಮಿರಾಜ್ ಬಿದ್ದು ಇಬ್ಬರು ಪರೀಕ್ಷಾ ಪೈಲಟ್‌ಗಳು ಸತ್ತರು.

ಮಿರಾಜ್ ತಯಾರಿಕೆ ಫ್ರಾನ್ಸಿನಲ್ಲೇ ಎಂದೋ ನಿಂತಿದೆ. ಬಿಡಿಭಾಗಕ್ಕೆಂದು ಭಾರತ ಅಲ್ಲಿ ನಿವೃತ್ತವಾದ ಹಳೆಯ ವಿಮಾನಗಳನ್ನೂ ಕೊಂಡಿದೆ. ಮುಂದೊಂದು ದಿನ ಈ ವಿಮಾನಗಳೂ ಹೋಗುತ್ತವೆ, ಸಂಖ್ಯೆ ಮತ್ತೊಂದು ವಿಮಾನಕ್ಕೆ ಸಿಗುತ್ತದೆ. ದಳದ ಮೊದಲ ಕಾಲದ ವಾಪಿಟಿ ಮಾದರಿಯಲ್ಲಿ ಜಗತ್ತಿನಲ್ಲಿ ಉಳಿದಿರುವುದು ಒಂದೇ ಒಂದು. ಕೆ-813 ಎಂಬ ಆ ವಿಮಾನ ದೆಹಲಿಯ ಪಾಲಂ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿಯೇ ಒಂದು ಮಿಸ್ಟೇರ್ ಕೂಡ ನಿಂತಿದೆ.